ಫೋನಿನಿಂದ ಕಚೇರಿಯ ಪ್ರಿಂಟರಿಗೆ ಕಾಗದ ತಲುಪುವ ದಾರಿ

ನಮ್ಮ ಕಚೇರಿಗಳಲ್ಲಿ ಫೋನಿನಲ್ಲಿರುವ ಕಾಗದವೊಂದನ್ನು ಮುದ್ರಿಸಿಕೊಳ್ಳಬೇಕಾದವರು ಸಾಮಾನ್ಯವಾಗಿ ಹಿಡಿಯುವ ದಾರಿ ಒಂದೇ. ಪ್ರಿಂಟರಿನ ಪಕ್ಕ ಕಂಪ್ಯೂಟರ್ ಇಟ್ಟುಕೊಂಡು ಕೂತಿರುವ ಸಹೋದ್ಯೋಗಿಯ ವಾಟ್ಸ್‌ಆ್ಯಪ್‌ಗೆ ಅದನ್ನು ಕಳುಹಿಸಿ, ಒಂದು ಪ್ರಿಂಟ್ ತೆಗೆದುಕೊಡಿ ಎಂದು ಕೇಳುತ್ತಾರೆ. ಆ ಸಹೋದ್ಯೋಗಿ ಒಳ್ಳೆಯವರು, ಕೇಳಿದ ತಕ್ಷಣ ತೆಗೆದುಕೊಡುತ್ತಾರೆ. ಆದರೆ ಆಧಾರ್ ಪ್ರತಿ, ಪಾಸ್‌ಬುಕ್ಕಿನ ಮೊದಲ ಪುಟ, ಸಂಬಳದ ಚೀಟಿ, ರಕ್ತಪರೀಕ್ಷೆಯ ವರದಿ, ಮಗುವಿನ ಜನನ ಪ್ರಮಾಣಪತ್ರ ಹೀಗೆ ಎಷ್ಟೋ ಜನರ ಖಾಸಗಿ ಕಾಗದಗಳು ಆ ಒಂದು ಕಂಪ್ಯೂಟರಿನ ಡೌನ್‌ಲೋಡ್ಸ್ ಫೋಲ್ಡರಿನಲ್ಲಿ ವರ್ಷಗಟ್ಟಲೆ ಉಳಿದುಬಿಡುತ್ತವೆ. ಅವುಗಳನ್ನು ಅಲ್ಲಿಂದ ಅಳಿಸುವ ಹೊಣೆ ಯಾರ ಮೇಲೂ ಇರುವುದಿಲ್ಲ. ಆ ಕಂಪ್ಯೂಟರ್ ರಿಪೇರಿಗೆಂದು ಹೊರಗೆ ಹೋದ ದಿನ ಅವೂ ಜೊತೆಯಲ್ಲೇ ಹೋಗುತ್ತವೆ.

ಬೆಂಗಳೂರಿನ ಮಧ್ಯಮ ಗಾತ್ರದ ಕಚೇರಿಯೊಂದರ ನೆಟ್‌ವರ್ಕ್ ನೋಡಿಕೊಳ್ಳುವವನಾಗಿ ನಾನು ಇದನ್ನು ಜನರ ಅಜಾಗರೂಕತೆ ಎಂದು ಹೇಳಲಾರೆ. ಫೋನಿನಲ್ಲಿ ಪ್ರಿಂಟ್ ಎಂಬ ಗುಂಡಿ ಇದೆ. ಅದನ್ನು ಒತ್ತಿದವರಿಗೆ, ಪ್ರಿಂಟರ್ ನಾಲ್ಕು ಹೆಜ್ಜೆ ದೂರದಲ್ಲಿ ಕಣ್ಣಿಗೆ ಕಾಣುತ್ತಿದ್ದರೂ, ಯಾವ ಪ್ರಿಂಟರೂ ಸಿಗಲಿಲ್ಲ ಎಂಬ ಉತ್ತರ ಬರುತ್ತದೆ. ಎರಡು ಸಲ ಹಾಗಾದ ಮೇಲೆ ಯಾರೂ ಮೂರನೆಯ ಸಲ ಒತ್ತುವುದಿಲ್ಲ, ವಾಟ್ಸ್‌ಆ್ಯಪ್ ತೆರೆಯುತ್ತಾರೆ. ಈ ತೊಡಕಿನ ಬೇರು ಬಹುಮಟ್ಟಿಗೆ ನಾವು, ಅಂದರೆ ನೆಟ್‌ವರ್ಕ್ ಕಟ್ಟಿದವರು, ಮಾಡಿಟ್ಟ ವಿಂಗಡಣೆಯಲ್ಲಿದೆ. ಇಂದಿನ ಫೋನಿಗೆ ಮುದ್ರಿಸುವುದು ಗೊತ್ತಿದೆ, ಕಳೆದ ಹತ್ತು ವರ್ಷಗಳಲ್ಲಿ ಬಂದ ಬಹುತೇಕ ಕಚೇರಿ ಪ್ರಿಂಟರುಗಳಿಗೆ ಫೋನಿನ ಮಾತು ಅರ್ಥವಾಗುತ್ತದೆ. ಅವೆರಡೂ ಒಂದಕ್ಕೊಂದು ಗೋಚರವಾಗುವಂತೆ ಮಾಡುವುದಷ್ಟೇ ಬಾಕಿ ಇರುವ ಕೆಲಸ, ಮತ್ತು ಅದು ನಮ್ಮ ಕೆಲಸ.

ಫೋನ್ ಪ್ರಿಂಟರನ್ನು ಹುಡುಕುವ ಬಗೆಯನ್ನು ಮೊದಲು ಹೇಳುತ್ತೇನೆ. ಪ್ರಿಂಟ್ ಗುಂಡಿ ಒತ್ತಿದ ಕೂಡಲೇ ಫೋನ್ 224.0.0.251 ಎಂಬ ವಿಳಾಸಕ್ಕೆ, 5353ನೆಯ ಪೋರ್ಟಿನಲ್ಲಿ (ಪೋರ್ಟ್ ಎಂದರೆ ಯಂತ್ರದ ಒಂದೊಂದು ಸೇವೆಗೂ ಇರುವ ಬಾಗಿಲಿನ ಸಂಖ್ಯೆ), ಇಲ್ಲಿ ಐಪಿಪಿ, ಅಂದರೆ ಮುದ್ರಣದ ಸಾಮಾನ್ಯ ಭಾಷೆ, ಬಲ್ಲ ಪ್ರಿಂಟರುಗಳು ಯಾವುವು ಇವೆ ಎಂಬ ಪ್ರಶ್ನೆಯನ್ನು ಎಸೆಯುತ್ತದೆ. ಈ ವಿಳಾಸ ಯಾವುದೇ ಒಂದು ಯಂತ್ರದ್ದಲ್ಲ. ಅದೇ ನೆಟ್‌ವರ್ಕ್ ತುಂಡಿನಲ್ಲಿ ಕಿವಿಗೊಟ್ಟು ಕೂತಿರುವ ಎಲ್ಲ ಯಂತ್ರಗಳಿಗೂ ಅದು ಕೇಳಿಸುತ್ತದೆ. ಪ್ರಿಂಟರ್ ಉತ್ತರವಾಗಿ ತನ್ನ ಹೆಸರು, ಪೋರ್ಟ್ ಸಂಖ್ಯೆ, ಕಾಗದ ಕಳುಹಿಸಬೇಕಾದ ಒಳದಾರಿ, ತಾನು ಓದಬಲ್ಲ ಕಡತದ ಬಗೆಗಳು, ಬಣ್ಣ ಇದೆಯೇ ಇಲ್ಲವೇ, ಎರಡೂ ಬದಿಗೆ ಮುದ್ರಿಸಬಲ್ಲದೇ ಎಂಬ ವಿವರಗಳನ್ನು ಒಂದೇ ಉಸಿರಿಗೆ ಹೇಳುತ್ತದೆ. ಮಲ್ಟಿಕಾಸ್ಟ್ ಡಿಎನ್‌ಎಸ್ ಎಂದು ಕರೆಯುವ ಈ ಪದ್ಧತಿಯನ್ನು ಆಪಲ್ ಸಂಸ್ಥೆ ಬಾನ್ಜೂರ್ ಎಂಬ ಹೆಸರಿನಲ್ಲಿ ಬಳಕೆಗೆ ತಂದಿತು. 2013ರಲ್ಲಿ ಅದು ಆರ್‌ಎಫ್‌ಸಿ 6762 ಮತ್ತು 6763 ಎಂಬ ಅಂತರಜಾಲ ಮಾನದಂಡದ ದಾಖಲೆಗಳಾಗಿ ಎಲ್ಲರ ಸ್ವತ್ತಾಯಿತು.

ಇದರ ಮಿತಿ ಇದರ ಹುಟ್ಟಿನಲ್ಲೇ ಇದೆ. ಒಂದು ಕೇರಿಯಲ್ಲಿ ಸಾರಿದ ಡಂಗುರ ಪಕ್ಕದ ಕೇರಿಗೆ ಕೇಳಿಸದ ಹಾಗೆ, 224.0.0 ಎಂದು ಶುರುವಾಗುವ ವಿಳಾಸಗಳಿಗೆ ಹೋದ ಮಾತನ್ನು ರೂಟರ್ ಆಚೆಗೆ ದಾಟಿಸುವುದಿಲ್ಲ. ದಾಟಿಸಬಾರದು ಎಂಬುದೇ ನಿಯಮ. ಮನೆಯಲ್ಲಿ ಒಂದೇ ರೂಟರ್, ಒಂದೇ ನೆಟ್‌ವರ್ಕ್ ಇರುವುದರಿಂದ ಯಾವ ಸಿದ್ಧತೆಯೂ ಇಲ್ಲದೆ ಫೋನಿನಿಂದ ಪ್ರಿಂಟ್ ಬರುತ್ತದೆ. ಕಚೇರಿಯಲ್ಲಿ ನಾವು ಮೇಜಿನ ಕಂಪ್ಯೂಟರುಗಳಿಗೆ ಒಂದು ವಿಲ್ಯಾನ್ (ಒಂದೇ ನೆಟ್‌ವರ್ಕಿನೊಳಗೆ ಬೇರ್ಪಡಿಸಿದ ತುಂಡು), ಸಿಬ್ಬಂದಿಯ ವೈಫೈಗೆ ಒಂದು, ಅತಿಥಿಗಳ ವೈಫೈಗೆ ಒಂದು, ಪ್ರಿಂಟರು ಮತ್ತು ಕ್ಯಾಮೆರಾಗಳಿಗೆ ಇನ್ನೊಂದು ಎಂದು ಬೇಲಿ ಹಾಕಿರುತ್ತೇವೆ. ಹಾಕಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಬೇಲಿ ಹಾಕಿದ ದಿನವೇ ಫೋನಿನ ಪ್ರಶ್ನೆ ಪ್ರಿಂಟರಿಗೆ ಕೇಳಿಸದಂತಾಯಿತು ಎಂಬುದನ್ನು ಮಾತ್ರ ನಾವು ಬಹಳ ಕಾಲ ಗಮನಿಸಲಿಲ್ಲ, ಏಕೆಂದರೆ ಆಗ ಯಾರೂ ಫೋನಿನಿಂದ ಪ್ರಿಂಟ್ ಕೇಳುತ್ತಿರಲಿಲ್ಲ.

ಒಂದೇ ವಿಲ್ಯಾನಿನಲ್ಲಿ ಫೋನೂ ಪ್ರಿಂಟರೂ ಇದ್ದರೂ ಕೆಲವು ಕಡೆ ಕೆಲಸ ಕೆಡುವುದುಂಟು. ವೈಫೈ ಉಪಕರಣಗಳಲ್ಲಿ ಕ್ಲೈಂಟ್ ಐಸೊಲೇಷನ್ ಎಂಬ ಆಯ್ಕೆ ಇರುತ್ತದೆ. ಅದು ಚಾಲೂ ಇದ್ದರೆ ಒಂದೇ ವೈಫೈಯಲ್ಲಿರುವ ಎರಡು ಯಂತ್ರಗಳು ನೇರವಾಗಿ ಮಾತಾಡಲಾರವು. ವೈಫೈ ಗಾಳಿಯಲ್ಲಿ ಮಲ್ಟಿಕಾಸ್ಟ್ ಮಾತು ಅತ್ಯಂತ ಕಡಿಮೆ ವೇಗದಲ್ಲಿ ಹೋಗುತ್ತದೆ, ತಲುಪಿತೋ ಇಲ್ಲವೋ ಎಂಬ ಖಾತ್ರಿಯೂ ಅದಕ್ಕಿಲ್ಲ. ಜನ ತುಂಬಿದ ಮಹಡಿಯಲ್ಲಿ ಇಂಥ ಮಾತುಗಳೇ ಗಾಳಿಯ ಸಮಯವನ್ನೆಲ್ಲ ನುಂಗುವುದರಿಂದ ಅನುಭವಸ್ಥರು ಮಲ್ಟಿಕಾಸ್ಟನ್ನು ಸೋಸುವ ವ್ಯವಸ್ಥೆ ಮಾಡಿಟ್ಟಿರುತ್ತಾರೆ. ಅದೂ ಸರಿಯಾದ ಕ್ರಮವೇ. ಪ್ರಿಂಟರ್ ಒಂದು ಗಳಿಗೆ ಕಾಣಿಸಿ ಇನ್ನೊಂದು ಗಳಿಗೆ ಮಾಯವಾಗುತ್ತದೆ ಎಂಬ ದೂರು ಬಂದರೆ ನಾನು ಮೊದಲು ನೋಡುವುದು ಇಲ್ಲಿ. ಅದಕ್ಕೂ ಮುಂಚೆ, ದೂರು ಕೊಟ್ಟವರ ಫೋನ್ ಕಚೇರಿಯ ವೈಫೈಗೆ ಸೇರಿದೆಯೋ ಇಲ್ಲವೇ ಮೊಬೈಲ್ ಡೇಟಾದಲ್ಲಿ ಓಡುತ್ತಿದೆಯೋ ಎಂದು ವಿಚಾರಿಸುತ್ತೇನೆ. ಡೇಟಾ ಅಗ್ಗವಾದ ಮೇಲೆ ಕಚೇರಿಯ ವೈಫೈಗೆ ಸೇರದೆಯೇ ದಿನ ಕಳೆಯುವವರು ಬಹಳ ಜನ ಇದ್ದಾರೆ.

ಹುಡುಕಾಟ ಮುಗಿದ ಮೇಲಿನ ಕೆಲಸ ಅಚ್ಚುಕಟ್ಟಾಗಿದೆ, ಮತ್ತು ಅದರ ಹಿಂದಿನ ಶ್ರಮವನ್ನು ನೆನೆಯದೆ ಮುಂದೆ ಹೋಗಲು ನನಗೆ ಮನಸ್ಸು ಬರುವುದಿಲ್ಲ. ಒಂದು ಕಾಲದಲ್ಲಿ ಪ್ರತಿ ಪ್ರಿಂಟರಿಗೂ ಅದರದೇ ಡ್ರೈವರ್, ಅಂದರೆ ಕಂಪ್ಯೂಟರಿಗೆ ಆ ಪ್ರಿಂಟರಿನ ಭಾಷೆ ಕಲಿಸುವ ತಂತ್ರಾಂಶ, ಬೇಕಾಗಿತ್ತು. ಕಂಪನಿ ಬದಲಾದರೆ, ಮಾಡೆಲ್ ಬದಲಾದರೆ, ವಿಂಡೋಸ್ ಬದಲಾದರೆ ಮತ್ತೆ ಹೊಸದು ಹಾಕಬೇಕಿತ್ತು. ಪ್ರಿಂಟರ್ ತಯಾರಕರು ಮತ್ತು ತಂತ್ರಾಂಶ ತಯಾರಕರು ಸೇರಿದ ಪ್ರಿಂಟರ್ ವರ್ಕಿಂಗ್ ಗ್ರೂಪ್ ಎಂಬ ಒಕ್ಕೂಟ ಇಂಟರ್ನೆಟ್ ಪ್ರಿಂಟಿಂಗ್ ಪ್ರೊಟೊಕಾಲ್ ಅಂದರೆ ಐಪಿಪಿಯನ್ನು ವರ್ಷಗಳ ಕಾಲ ತಿದ್ದಿ ತೀಡಿತು, ಅದರ 1.1ನೆಯ ಆವೃತ್ತಿ 2000ದಲ್ಲಿ ಬಂತು. 2010ರ ನವೆಂಬರಿನಲ್ಲಿ ಆಪಲ್ ತನ್ನ ಐಓಎಸ್ 4.2ರ ಜೊತೆಗೆ ಫೋನಿನಿಂದ ನೇರವಾಗಿ ಮುದ್ರಿಸುವ ಏರ್‌ಪ್ರಿಂಟ್ ಸೌಲಭ್ಯ ಕೊಟ್ಟಾಗ ಅದರ ಒಳಗಿದ್ದದ್ದು ಇದೇ ಐಪಿಪಿ ಮತ್ತು ಬಾನ್ಜೂರ್. 2013ರಲ್ಲಿ ಕೆನಾನ್, ಎಚ್‌ಪಿ, ಸ್ಯಾಮ್‌ಸಂಗ್ ಮತ್ತು ಜೆರಾಕ್ಸ್ ಕಂಪನಿಗಳು ಸೇರಿ ಫೋನ್ ಮುದ್ರಣಕ್ಕಾಗಿ ಮೊಪ್ರಿಯಾ ಎಂಬ ಕೂಟ ಕಟ್ಟಿಕೊಂಡವು, ಅದೇ ವರ್ಷ ಆಂಡ್ರಾಯ್ಡ್ 4.4ರಲ್ಲಿ ಮುದ್ರಣಕ್ಕೆಂದೇ ಒಂದು ಚೌಕಟ್ಟು ಬಂತು, ಡ್ರೈವರ್ ಬೇಡದ ಮುದ್ರಣಕ್ಕಾಗಿ ಐಪಿಪಿ ಎವೆರಿವೇರ್ ಎಂಬ ಮಾನದಂಡವೂ ಆಗಲೇ ರೂಪುಗೊಂಡಿತು. 2017ರ ಆಂಡ್ರಾಯ್ಡ್ 8ರಿಂದೀಚೆಗೆ ಮೊಪ್ರಿಯಾ ಪ್ರಮಾಣಿತ ಪ್ರಿಂಟರುಗಳಿಗೆ ಬೇರೆ ಆ್ಯಪ್ ಹಾಕಿಕೊಳ್ಳುವ ಅಗತ್ಯವೇ ಉಳಿಯಲಿಲ್ಲ.

ಈ ನಡುವೆ ಗೂಗಲ್ ಕ್ಲೌಡ್ ಪ್ರಿಂಟ್ ಎಂಬ ಸೇವೆಯನ್ನು ನಂಬಿ ಅನೇಕ ಕಚೇರಿಗಳು ತಮ್ಮ ಫೋನ್ ಮುದ್ರಣವನ್ನೆಲ್ಲ ಅದರ ಮೇಲೆ ಕಟ್ಟಿಕೊಂಡಿದ್ದವು. 2020ರ ಡಿಸೆಂಬರ್ 31ಕ್ಕೆ ಆ ಸೇವೆ ನಿಂತುಹೋಯಿತು. ಒಂದೇ ಕಂಪನಿಯ ಕ್ಲೌಡ್ ಸೇವೆಯೊಂದರ ಮೇಲೆ ಇಡೀ ಕಚೇರಿಯ ಕಾಗದ ಪತ್ರಗಳನ್ನು ಹೊರಿಸಬಾರದು ಎಂಬ ನನ್ನ ಅಭಿಪ್ರಾಯ ಗಟ್ಟಿಯಾದದ್ದು ಅದಾದ ಮೇಲೆ. ಎಲ್ಲರಿಗೂ ತೆರೆದಿರುವ ಮಾನದಂಡದ ಮೇಲೆ ಕಟ್ಟಿದ್ದು ಕಂಪನಿಗಳು ಬಂದು ಹೋದರೂ ನಿಲ್ಲುತ್ತದೆ.

ಇನ್ನು ಕಾಗದದ ಪ್ರಯಾಣ. ಫೋನ್ ತನ್ನಲ್ಲಿರುವ ಪುಟವನ್ನು ಪಿಡಿಎಫ್ ಆಗಿಯೋ, ಇಲ್ಲವೇ ಚುಕ್ಕೆಗಳ ಚಿತ್ರವಾಗಿಯೋ ಮಾಡಿ 631ನೆಯ ಪೋರ್ಟಿನ ಮೂಲಕ ಪ್ರಿಂಟರಿಗೆ ಕೊಡುತ್ತದೆ. ಚಿತ್ರವಾಗಿ ಮಾಡಿದಾಗ ಅದರ ಗಾತ್ರ ಎಷ್ಟಾಗುತ್ತದೆ ಎಂಬ ಲೆಕ್ಕ ತಿಳಿದಿದ್ದರೆ ಅನೇಕ ದೂರುಗಳ ಕಾರಣ ತಾನಾಗಿಯೇ ತಿಳಿಯುತ್ತದೆ. ಇಂಚಿಗೆ 300 ಚುಕ್ಕೆಗಳ ಲೆಕ್ಕದಲ್ಲಿ ಒಂದು ಎ4 ಪುಟ ಎಂದರೆ ಅಡ್ಡಕ್ಕೆ 2,480, ಉದ್ದಕ್ಕೆ 3,508 ಚುಕ್ಕೆ. ಕಪ್ಪು ಬಿಳುಪಿನ ಛಾಯೆಯಲ್ಲಿ ಅದು ಸುಮಾರು 8.7 ಮೆಗಾಬೈಟ್, ಪೂರ್ಣ ಬಣ್ಣದಲ್ಲಿ ಸುಮಾರು 26 ಮೆಗಾಬೈಟ್, ಇಂಚಿಗೆ 600 ಚುಕ್ಕೆಗೆ ಏರಿಸಿದರೆ ಅದರ ನಾಲ್ಕು ಪಟ್ಟು. ಬರೀ ಅಕ್ಷರಗಳ ಪುಟವಾದರೆ ಬಿಳಿ ಜಾಗ ಹೆಚ್ಚಿರುವುದರಿಂದ ಕಳುಹಿಸುವ ಮುನ್ನ ಅದು ಚೆನ್ನಾಗಿ ಕುಗ್ಗುತ್ತದೆ. ಆದರೆ ಫೋನಿನ ಕ್ಯಾಮೆರಾದಲ್ಲಿ ತೆಗೆದ ಕಾಗದದ ಫೋಟೋದಲ್ಲಿ ಬಿಳಿ ಎಂದು ಕಾಣುವ ಜಾಗವೂ ಸಾವಿರ ಬಗೆಯ ಬೂದು ಛಾಯೆಗಳಿಂದ ತುಂಬಿರುತ್ತದೆ, ಅದು ಕುಗ್ಗುವುದಿಲ್ಲ. ಹತ್ತು ಪುಟದ ವರದಿ ಸರಸರನೆ ಬಂದು, ಒಂದೇ ಒಂದು ಪುಟದ ಫೋಟೋ ಅರ್ಧ ನಿಮಿಷ ಕಾಯಿಸುವುದು ಇದರಿಂದಲೇ. ಫೋಟೋದ ಬದಲು ಫೋನಿನಲ್ಲೇ ಇರುವ ಡಾಕ್ಯುಮೆಂಟ್ ಸ್ಕ್ಯಾನ್ ಸೌಲಭ್ಯ ಬಳಸಿ, ಕಪ್ಪು ಬಿಳುಪು ಮಾಡಿ ಕಳುಹಿಸಿದರೆ ಕಾಗದವೂ ನಿಚ್ಚಳವಾಗಿರುತ್ತದೆ, ಇಂಕೂ ಉಳಿಯುತ್ತದೆ.

ಕನ್ನಡದ ಕಾಗದಗಳ ವಿಷಯವನ್ನು ಇಲ್ಲಿ ಸ್ವಲ್ಪ ವಿವರವಾಗಿ ಹೇಳಬೇಕು. ಪ್ರಿಂಟರಿನಲ್ಲಿ ಕನ್ನಡ ಫಾಂಟ್ ಇಲ್ಲವಲ್ಲ, ಫೋನಿನಿಂದ ಕನ್ನಡ ಸರಿಯಾಗಿ ಬರುತ್ತದೆಯೇ ಎಂಬ ಅನುಮಾನ ಅನೇಕರಿಗಿದೆ. ಅದಕ್ಕೆ ಆಧಾರವಿಲ್ಲ. ಯಾವ ಅಕ್ಷರದ ಕೆಳಗೆ ಯಾವ ಒತ್ತು ಕೂರಬೇಕು, ಅರ್ಕಾವತ್ತು ಎಲ್ಲಿಗೆ ಸರಿಯಬೇಕು ಎಂಬ ಜೋಡಣೆಯೆಲ್ಲ ಫೋನಿನಲ್ಲೇ ಮುಗಿದು, ಪ್ರಿಂಟರಿಗೆ ಹೋಗುವುದು ಸಿದ್ಧವಾದ ಅಕ್ಷರರೂಪ. ಹಾಗಾಗಿ ಪರದೆಯ ಮೇಲೆ "ಜ್ಯೋತ್ಸ್ನಾ" ಸರಿಯಾಗಿ ಕಂಡರೆ ಕಾಗದದ ಮೇಲೂ ಆ ಮೂರು ಹಂತದ ಒತ್ತು ಸರಿಯಾಗಿಯೇ ಬರುತ್ತದೆ. ತೊಂದರೆ ಹುಟ್ಟುವುದು ಎರಡು ಕಡೆ. ಮೊದಲನೆಯದು, ಕಂಪ್ಯೂಟರಿನಲ್ಲಿ ಟುಂಗಾ ಅಥವಾ ನಿರ್ಮಲಾ ಫಾಂಟಿನಲ್ಲಿ ಬರೆದ ವರ್ಡ್ ಕಡತವನ್ನು ಫೋನಿನಲ್ಲಿ ತೆರೆದಾಗ. ಫೋನಿನಲ್ಲಿ ಆ ಫಾಂಟ್ ಇರದೆ, ಆಂಡ್ರಾಯ್ಡ್ ಆದರೆ ಸಾಮಾನ್ಯವಾಗಿ ನೋಟೊ ಸಾನ್ಸ್ ಕನ್ನಡ ಆ ಜಾಗಕ್ಕೆ ಬರುತ್ತದೆ. ಅಕ್ಷರದ ಅಗಲ ಎತ್ತರ ಬದಲಾಗಿ ಸಾಲುಗಳು ಬೇರೆ ಕಡೆ ಮುರಿಯುತ್ತವೆ. ಒಂದು ಪುಟದ ಪತ್ರ ಒಂದೂಕಾಲು ಪುಟವಾಗಿ, ಸಹಿ ಮಾಡುವ ಜಾಗ ಒಂಟಿಯಾಗಿ ಎರಡನೆಯ ಹಾಳೆಗೆ ಹೋಗುತ್ತದೆ.

ಎರಡನೆಯದು ನುಡಿ ಎಂಬ ಕನ್ನಡ ತಂತ್ರಾಂಶದ ಹಳೆಯ ಕಡತಗಳದು. ಎಲ್ಲ ಭಾಷೆಗಳಿಗೂ ಒಂದೇ ಸಂಕೇತ ಪದ್ಧತಿಯಾದ ಯೂನಿಕೋಡ್ ಬಳಕೆಗೆ ಬರುವ ಮುಂಚೆ ಮತ್ತು ಬಂದ ಮೇಲೂ ಬಹುಕಾಲ ನಮ್ಮ ಕಚೇರಿಗಳ ಆದೇಶ, ಸುತ್ತೋಲೆ, ನಡಾವಳಿಗಳೆಲ್ಲ ನುಡಿಯ ಹಳೆಯ ಸಂಕೇತ ಪದ್ಧತಿಯಲ್ಲಿ ಬರೆಯಲ್ಪಟ್ಟವು. ಆ ಪದ್ಧತಿಯಲ್ಲಿ ಕಡತದೊಳಗೆ ಇರುವುದು ಇಂಗ್ಲಿಷ್ ಅಕ್ಷರಗಳ ಸಂಕೇತಗಳೇ. ನುಡಿ ಫಾಂಟ್ ಅವುಗಳಿಗೆ ಕನ್ನಡದ ಆಕಾರ ತೊಡಿಸುತ್ತಿತ್ತು. ಫೋನಿನಲ್ಲಿ ಆ ಫಾಂಟ್ ಇಲ್ಲದ ಕಾರಣ ನೆತ್ತಿಯ ಮೇಲೆ ಗೆರೆ ಹೊತ್ತ ಇಂಗ್ಲಿಷಿನ ಎ ಅಕ್ಷರಗಳು ಸಾಲುಗಟ್ಟಿದ ಪುಟ ಕಾಣುತ್ತದೆ, ಮುದ್ರಣವೂ ಹಾಗೆಯೇ ಬರುತ್ತದೆ. ಇದನ್ನು ನೋಡಿ ಪ್ರಿಂಟರ್ ಕೆಟ್ಟಿದೆ ಎಂದು ದೂರು ಬರೆದವರೂ ಇದ್ದಾರೆ. ಎರಡಕ್ಕೂ ಮದ್ದು ಒಂದೇ: ಕಡತ ಹುಟ್ಟಿದ ಕಂಪ್ಯೂಟರಿನಲ್ಲೇ ಅದನ್ನು ಫಾಂಟ್ ಸಮೇತ ಪಿಡಿಎಫ್ ಮಾಡಿ ಹಂಚಬೇಕು. ಕಚೇರಿಯೊಳಗೆ ಸುತ್ತೋಲೆ ಕಳುಹಿಸುವವರು ಇದೊಂದನ್ನು ರೂಢಿ ಮಾಡಿಕೊಂಡರೆ ಓದುವ ಎಲ್ಲರ ಕಷ್ಟವೂ ತಪ್ಪುತ್ತದೆ. ಹಳೆಯ ಕಡತವನ್ನು ಮತ್ತೆ ತಿದ್ದಿ ಬಳಸಬೇಕಾದರೆ ಯೂನಿಕೋಡಿಗೆ ಪರಿವರ್ತಿಸಿಕೊಳ್ಳುವುದೇ ಸರಿಯಾದ ದಾರಿ.

ಕಾಗದದ ಅಳತೆಯೂ ಒಂದು ಕಾಟ. ಭಾಷೆಯ ಆಯ್ಕೆಯಲ್ಲಿ ಅಮೆರಿಕದ ಇಂಗ್ಲಿಷ್ ಇಟ್ಟುಕೊಂಡ ಫೋನುಗಳು ಎ4ರ ಬದಲು ಲೆಟರ್ ಅಳತೆಯನ್ನು ತಾವಾಗಿಯೇ ಆರಿಸಿಕೊಳ್ಳುವುದುಂಟು. ಎ4 ಹಾಳೆ 210 ಮತ್ತು 297 ಮಿಲಿಮೀಟರ್, ಲೆಟರ್ ಹಾಳೆ ಸುಮಾರು 216 ಮತ್ತು 279. ನಮ್ಮಲ್ಲಿ ಲೆಟರ್ ಹಾಳೆ ಯಾರ ಬಳಿಯೂ ಇರುವುದಿಲ್ಲ. ಪ್ರಿಂಟರ್ ಮಾತ್ರ ಲೆಟರ್ ಹಾಳೆ ಹಾಕಿ ಎಂದು ಕೇಳುತ್ತ ನಿಂತುಬಿಡುತ್ತದೆ, ಅದರ ಹಿಂದೆ ಬಂದವರ ಕಾಗದಗಳೆಲ್ಲ ಸಾಲಿನಲ್ಲಿ ಕಾಯುತ್ತವೆ. ಯಾರೋ ಬಂದು ಪ್ರಿಂಟರನ್ನು ಆಫ್ ಮಾಡಿ ಮತ್ತೆ ಆನ್ ಮಾಡುತ್ತಾರೆ, ಕಾದಿದ್ದ ಕಾಗದಗಳೂ ಅಳಿಸಿಹೋಗುತ್ತವೆ. ಅನೇಕ ಕಚೇರಿ ಪ್ರಿಂಟರುಗಳ ಸೆಟ್ಟಿಂಗಿನಲ್ಲಿ ಲೆಟರ್ ಕೇಳಿದರೆ ಎ4ರಲ್ಲೇ ಮುದ್ರಿಸು ಎಂಬ ಆಯ್ಕೆ ಇರುತ್ತದೆ. ಅದನ್ನು ಒಮ್ಮೆ ಹುಡುಕಿ ಹಾಕಿದರೆ ಮುಗಿಯಿತು.

ಈಗ ಬೇಲಿ ದಾಟಿಸುವ ಬಗೆಗೆ ಬರುತ್ತೇನೆ. ಅತಿ ಸುಲಭದ ದಾರಿ ಎಂದರೆ ಪ್ರಿಂಟರನ್ನೇ ತಂದು ಸಿಬ್ಬಂದಿಯ ವೈಫೈಗೆ ಸೇರಿಸಿಬಿಡುವುದು. ಇದನ್ನು ಮಾಡಬೇಡಿ ಎಂದು ನನ್ನ ಬಲವಾದ ವಿನಂತಿ. ಪ್ರಿಂಟರ್ ಎಂದರೆ ಒಳಗೆ ಮೆಮೊರಿ, ಕೆಲವದರಲ್ಲಿ ಹಾರ್ಡ್ ಡಿಸ್ಕ್, ಹಳೆಯ ತಂತ್ರಾಂಶ, ಕಾರ್ಖಾನೆಯಿಂದ ಬಂದಾಗಿನ ಪಾಸ್‌ವರ್ಡನ್ನೇ ಇಟ್ಟುಕೊಂಡ ಒಂದು ಪೂರ್ಣ ಕಂಪ್ಯೂಟರ್. 2018ರ ನವೆಂಬರಿನಲ್ಲಿ, ಅಂತರಜಾಲಕ್ಕೆ ತೆರೆದುಕೊಂಡಿದ್ದ 9100ನೆಯ ಪೋರ್ಟಿನ ಮೂಲಕ, ಯೂಟ್ಯೂಬ್ ಚಾನೆಲ್ಲೊಂದಕ್ಕೆ ಬೆಂಬಲ ಕೇಳುವ ಹಾಳೆಯನ್ನು ಜಗತ್ತಿನ ಬೇರೆ ಬೇರೆ ಊರುಗಳ 50,000 ಪ್ರಿಂಟರುಗಳಲ್ಲಿ ಮುದ್ರಿಸಿರುವುದಾಗಿ ಒಬ್ಬ ಹೇಳಿಕೊಂಡ. ಆ ಹಾಳೆಯಿಂದ ಕಾಗದ ಇಂಕು ಬಿಟ್ಟರೆ ಬೇರೇನೂ ಹೋಗಲಿಲ್ಲ, ಆದರೆ ಅದೇ ಬಾಗಿಲಿನಿಂದ ಏನೇನು ಮಾಡಬಹುದಿತ್ತು ಎಂಬುದು ನೆಟ್‌ವರ್ಕಿನವರಿಗೆಲ್ಲ ಗೊತ್ತು. ಪ್ರಿಂಟರಿಗೆ ಅದರದೇ ವಿಲ್ಯಾನ್ ಇರಲಿ, ಅದರ ವಿಳಾಸ, ಯಂತ್ರಗಳಿಗೆ ವಿಳಾಸ ಹಂಚುವ ಡಿಎಚ್‌ಸಿಪಿಯಲ್ಲಿ ಕಾಯ್ದಿರಿಸಿದ್ದಾಗಿರಲಿ, ಸಿಬ್ಬಂದಿಯ ವೈಫೈಯಿಂದ ಅದರ 631ನೆಯ ಪೋರ್ಟಿಗೆ ಮಾತ್ರ ಫೈರ್‌ವಾಲಿನಲ್ಲಿ ದಾರಿ ಇರಲಿ, 9100ರ ದಾರಿ ಮುಚ್ಚಿರಲಿ.

ದಾರಿ ತೆರೆದ ಮಾತ್ರಕ್ಕೆ ಪ್ರಿಂಟರ್ ಕಾಣಿಸುವುದಿಲ್ಲ, ಅದರ ಇರವನ್ನು ಫೋನಿಗೆ ತಿಳಿಸಬೇಕು. ದೊಡ್ಡ ವೈಫೈ ಕಂಪನಿಗಳ ಕಂಟ್ರೋಲರುಗಳಲ್ಲಿ ಇದಕ್ಕೆಂದೇ ಸೌಲಭ್ಯ ಇದೆ. ಅರೂಬಾದಲ್ಲಿ ಏರ್‌ಗ್ರೂಪ್ ಎನ್ನುತ್ತಾರೆ, ರಕಸ್‌ನಲ್ಲಿ ಬಾನ್ಜೂರ್ ಗೇಟ್‌ವೇ. ಮೂರನೆಯ ಮಹಡಿಯ ಫೋನಿಗೆ ಮೂರನೆಯ ಮಹಡಿಯ ಪ್ರಿಂಟರ್ ಮಾತ್ರ ಕಾಣಲಿ ಎಂಬಂಥ ಕಟ್ಟಳೆಗಳನ್ನೂ ಇವುಗಳಲ್ಲಿ ಹಾಕಬಹುದು. ಇಂಥ ಉಪಕರಣ ಇಲ್ಲದವರು ಒಂದು ಪುಟ್ಟ ಲಿನಕ್ಸ್ ಯಂತ್ರದ ಎರಡು ಕಾಲುಗಳನ್ನು ಎರಡು ವಿಲ್ಯಾನುಗಳಲ್ಲಿಟ್ಟು, ಅವಾಹಿ ಎಂಬ ತಂತ್ರಾಂಶದ ರಿಫ್ಲೆಕ್ಟರ್ ಆಯ್ಕೆಯನ್ನು ಚಾಲೂ ಮಾಡಿದರೆ ಒಂದು ಬದಿಯ ಪ್ರಶ್ನೋತ್ತರ ಇನ್ನೊಂದು ಬದಿಗೆ ಕೇಳಿಸುತ್ತದೆ. ಒಂದೇ ಸಾಲಿನ ಬದಲಾವಣೆ. ಆದರೆ ಅದು ಪ್ರಿಂಟರಿನ ಜೊತೆಗೆ ಸಭಾಂಗಣದ ಟಿವಿ, ಯಾರದೋ ಸ್ಪೀಕರ್ ಎಲ್ಲವನ್ನೂ ಸಾರಿಬಿಡುತ್ತದೆಂಬ ಎಚ್ಚರ ಇರಬೇಕು. ಚಿಕ್ಕ ಕಚೇರಿಗೆ ಇದು ಸಾಕು.

ನನಗೆ ಹೆಚ್ಚು ಮೆಚ್ಚುಗೆಯಾದದ್ದು, ಡಂಗುರವನ್ನೇ ಬಿಟ್ಟು, ಹೆಸರು ಕೊಟ್ಟರೆ ವಿಳಾಸ ಹೇಳುವ ಕಚೇರಿಯ ಮಾಮೂಲಿ ಡಿಎನ್‌ಎಸ್ ಸರ್ವರಿನಲ್ಲಿ ಪ್ರಿಂಟರುಗಳ ಪಟ್ಟಿಯನ್ನು ಬರೆದಿಡುವ ಕ್ರಮ. ಆರ್‌ಎಫ್‌ಸಿ 6763 ಇದಕ್ಕೆ ಅವಕಾಶ ಮಾಡಿಕೊಟ್ಟಿದೆ. ಐಫೋನ್ ವೈಫೈಗೆ ಸೇರಿದಾಗ ಡಿಎಚ್‌ಸಿಪಿ ಕೊಟ್ಟ ಡೊಮೇನ್ ಹೆಸರನ್ನು ಹಿಡಿದು, ಈ ಡೊಮೇನಿನಲ್ಲಿ ನೋಡಬಹುದಾದ ಸೇವೆಗಳು ಯಾವುವು ಎಂದು ಡಿಎನ್‌ಎಸ್‌ ಅನ್ನು ವಿಚಾರಿಸುತ್ತದೆ. ಪ್ರತಿ ಪ್ರಿಂಟರಿಗೂ ಮೂರು ಬಗೆಯ ದಾಖಲೆ ಬೇಕು: ಅದು ಇದೆ ಎಂದು ಹೇಳುವ ಪಿಟಿಆರ್, ಯಾವ ಯಂತ್ರದ ಯಾವ ಪೋರ್ಟ್ ಎಂದು ಹೇಳುವ ಎಸ್‌ಆರ್‌ವಿ, ಅದರ ಗುಣಲಕ್ಷಣ ಹೇಳುವ ಟೆಕ್ಸ್ಟ್. ಈ ಟೆಕ್ಸ್ಟ್ ದಾಖಲೆಯಲ್ಲಿ ಏರ್‌ಪ್ರಿಂಟಿನ ಚಿತ್ರಬಗೆಯನ್ನು ಹೇಳುವ ತುಣುಕು ಬಿಟ್ಟುಹೋದರೆ ಪ್ರಿಂಟರ್ ಐಫೋನಿನ ಪಟ್ಟಿಗೆ ಬರುವುದೇ ಇಲ್ಲ. ಆದ್ದರಿಂದ ಅದನ್ನು ಊಹಿಸಿ ಬರೆಯದೆ, ಪ್ರಿಂಟರ್ ಇರುವ ವಿಲ್ಯಾನಿನಲ್ಲೇ ಲ್ಯಾಪ್‌ಟಾಪ್ ಇಟ್ಟು, ಪ್ರಿಂಟರ್ ತಾನೇ ಸಾರುವ ವಿವರವನ್ನು ಕೇಳಿಸಿಕೊಂಡು ಅಕ್ಷರಶಃ ಇಳಿಸಿಕೊಳ್ಳಬೇಕು. ಹೀಗೆ ಮಾಡಿದ ಮೇಲೆ ಮಲ್ಟಿಕಾಸ್ಟಿನ ಗೋಜೇ ಇಲ್ಲ. ಎಷ್ಟು ವಿಲ್ಯಾನ್ ಇದ್ದರೂ, ಎಷ್ಟು ಮಹಡಿ ಇದ್ದರೂ, ಪಟ್ಟಿ ಸ್ಥಿರವಾಗಿ ನಿಲ್ಲುತ್ತದೆ.

ಆಂಡ್ರಾಯ್ಡ್ ಫೋನುಗಳು ಮಾತ್ರ ಈ ಪಟ್ಟಿಯನ್ನು ವಿಚಾರಿಸುತ್ತವೆ ಎಂದು ನಂಬಿ ಕೂರುವಂತಿಲ್ಲ. ಅವುಗಳಲ್ಲಿ ಪ್ರಿಂಟಿಂಗ್ ಸೆಟ್ಟಿಂಗಿನೊಳಗೆ ಪ್ರಿಂಟರಿನ ಐಪಿ ವಿಳಾಸವನ್ನು ಕೈಯಾರೆ ಸೇರಿಸುವ ಜಾಗ ಇದೆ. ಪ್ರಿಂಟರಿನ ಮೇಲೆ ವಿಳಾಸವನ್ನು ದೊಡ್ಡ ಅಕ್ಷರದಲ್ಲಿ ಬರೆದು, ಸೇರಿಸುವ ಕ್ರಮವನ್ನು ಕನ್ನಡದಲ್ಲಿ ನಾಲ್ಕು ಸಾಲು ಅಂಟಿಸಿದರೆ ಜನ ತಾವೇ ಮಾಡಿಕೊಳ್ಳುತ್ತಾರೆ. ಐಫೋನಿನ ಪ್ರಿಂಟ್ ಪರದೆಯಲ್ಲಿ ಹೀಗೆ ವಿಳಾಸ ಬರೆಯುವ ಜಾಗ ಇಲ್ಲ. ಕಚೇರಿಯೇ ಕೊಟ್ಟ ಐಫೋನುಗಳಾಗಿದ್ದರೆ, ವಿಳಾಸ ಮತ್ತು ಒಳದಾರಿಯನ್ನು ಹೊತ್ತ ಕಾನ್ಫಿಗರೇಶನ್ ಪ್ರೊಫೈಲನ್ನು ಫೋನುಗಳನ್ನು ನಿರ್ವಹಿಸುವ ತಂತ್ರಾಂಶದ ಮೂಲಕ ಕಳುಹಿಸಬಹುದು.

ಹಳೆಯ ಪ್ರಿಂಟರುಗಳ ಗತಿ ಏನು ಎಂದು ಕೇಳುವವರಿಗೆ ಒಂದು ಮಾತು. ಗಟ್ಟಿಮುಟ್ಟಾದ, ಆದರೆ ಏರ್‌ಪ್ರಿಂಟ್ ಮೊಪ್ರಿಯಾ ಯಾವುದನ್ನೂ ಅರಿಯದ ಲೇಸರ್ ಪ್ರಿಂಟರುಗಳು ನಮ್ಮ ಕಚೇರಿಗಳಲ್ಲಿ ಇನ್ನೂ ದುಡಿಯುತ್ತಿವೆ. ಅವನ್ನು ಎಸೆಯುವ ಅಗತ್ಯ ಇಲ್ಲ. ಕಪ್ಸ್ ಎಂಬ ಮುದ್ರಣ ತಂತ್ರಾಂಶ ಇದಕ್ಕೆ ಆಗಿಬರುತ್ತದೆ. ಮೈಕೇಲ್ ಸ್ವೀಟ್ ಎಂಬವರು ಬರೆದು 1999ರಲ್ಲಿ ಬಿಡುಗಡೆ ಮಾಡಿದ್ದು, 2007ರಲ್ಲಿ ಆಪಲ್ ಅದನ್ನು ಕೊಂಡಿತು, ಇಂದಿಗೂ ಮುಕ್ತವಾಗಿಯೇ ಸಿಗುತ್ತದೆ. ರಾಸ್ಪ್‌ಬೆರಿ ಪೈನಂಥ ಅಂಗೈ ಅಗಲದ ಯಂತ್ರದಲ್ಲಿ ಕಪ್ಸ್ ಹಾಕಿ, ಹಳೆಯ ಪ್ರಿಂಟರನ್ನು ಅದಕ್ಕೆ ಜೋಡಿಸಿ, ಹಂಚಿಕೆಗೆ ಬಿಟ್ಟರೆ ಫೋನುಗಳಿಗೆ ಅದು ಹೊಸ ಪ್ರಿಂಟರಿನಂತೆಯೇ ಕಾಣುತ್ತದೆ. ಫೋನಿನ ಪುಟವನ್ನು ಪಡೆದು ಪ್ರಿಂಟರಿನ ಭಾಷೆಗೆ ತಿರುಗಿಸಿ ಕೊಡುವ ಕೆಲಸವನ್ನು ಕಪ್ಸ್ ಮಾಡುತ್ತದೆ. ವಿಂಡೋಸ್ ಸರ್ವರಿನಲ್ಲಿ ಹಂಚಿದ ಪ್ರಿಂಟರ್ ಇದೆಯಲ್ಲ, ಅದು ಫೋನಿಗೇಕೆ ಕಾಣುವುದಿಲ್ಲ ಎಂದೂ ಕೇಳುತ್ತಾರೆ. ಆ ಹಂಚಿಕೆಯ ರೀತಿಯೇ ಬೇರೆ, ಫೋನಿಗೆ ಅದು ತಿಳಿಯದು.

ಕಾಗದ ಪ್ರಿಂಟರ್ ತಲುಪಿದ ಮೇಲೂ ಒಂದು ಅಪಾಯ ಉಳಿದಿದೆ. ಎರಡನೆಯ ಮಹಡಿಯಲ್ಲಿ ಕೂತು ಫೋನಿನಿಂದ ಸಂಬಳದ ಚೀಟಿ ಕಳುಹಿಸಿದವರು ಕೆಳಗೆ ಇಳಿದು ಬರುವಷ್ಟರಲ್ಲಿ ಅದು ತಟ್ಟೆಯಲ್ಲಿ ಬಾಯ್ತೆರೆದು ಬಿದ್ದಿರುತ್ತದೆ. ವಾಟ್ಸ್‌ಆ್ಯಪ್ ದಾರಿಯಲ್ಲಿ ಒಬ್ಬರು ನೋಡುತ್ತಿದ್ದದ್ದನ್ನು ಈಗ ಹಾದುಹೋಗುವ ಹತ್ತು ಜನ ನೋಡುವಂತಾದರೆ ನಾವು ಏನನ್ನೂ ಸಾಧಿಸಿದಂತಾಗಲಿಲ್ಲ. ಆದ್ದರಿಂದ ಕಾಗದವನ್ನು ಸರದಿಯಲ್ಲಿ ತಡೆದಿಟ್ಟು, ಅದರ ಯಜಮಾನರು ಪ್ರಿಂಟರಿನ ಮುಂದೆ ನಿಂತು ಗುರುತಿನ ಚೀಟಿ ತಾಗಿಸಿದಾಗಲೋ ಅಂಕಿ ಒತ್ತಿದಾಗಲೋ ಮಾತ್ರ ಮುದ್ರಿಸುವ ವ್ಯವಸ್ಥೆ ಬೇಕು. ಇಲ್ಲಿ ಫೋನಿನ ಕಡೆಯಿಂದ ಒಂದು ತೊಡಕಿದೆ. ಕಂಪ್ಯೂಟರಿನಲ್ಲಿ ಕಚೇರಿಯ ಖಾತೆಯಿಂದ ಒಳಬಂದವರು ಯಾರೆಂದು ಸರ್ವರಿಗೆ ಗೊತ್ತಿರುತ್ತದೆ. ಸ್ವಂತ ಫೋನ್ ತನ್ನ ಯಜಮಾನ ಯಾರೆಂದು ಕಚೇರಿಗೆ ಹೇಳುವುದಿಲ್ಲ. ಹಾಗಾಗಿ ಸರದಿಗೆ ಸೇರುವ ಮುನ್ನ ಕಚೇರಿಯ ಹೆಸರು ಮತ್ತು ಪಾಸ್‌ವರ್ಡ್ ಕೇಳುವಂತೆ ಪ್ರಿಂಟ್ ಸರ್ವರನ್ನು ಸಜ್ಜುಗೊಳಿಸಬೇಕು. ಆಸ್ಟ್ರೇಲಿಯಾದ ಪೇಪರ್‌ಕಟ್ ಕಂಪನಿಯ ಮೊಬಿಲಿಟಿ ಪ್ರಿಂಟ್ ಈ ಕೆಲಸವನ್ನು ಚೆನ್ನಾಗಿ ಮಾಡುತ್ತದೆ. ಕಪ್ಸ್‌ನಲ್ಲಿಯೂ ಇದನ್ನು ಮಾಡಬಹುದು, ಸ್ವಲ್ಪ ಕೈಕೆಲಸ ಹೆಚ್ಚು. ದೇಶದಲ್ಲಿ 2023ರಲ್ಲಿ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಬಂದಿರುವಾಗ, ಸಿಬ್ಬಂದಿಯ ಕಾಗದಗಳ ವಿಷಯದಲ್ಲಿ ಈ ಮಟ್ಟದ ಕಾಳಜಿ ಯಾವ ಕಚೇರಿಗೂ ಹೆಚ್ಚಿನದಲ್ಲ.

ಪ್ರಿಂಟರ್ ಕಂಪನಿಗಳು ತಂತಮ್ಮ ಆ್ಯಪ್ ಹಾಕಿಕೊಳ್ಳಿ ಎಂದು ಒತ್ತಾಯಿಸುತ್ತವೆ. ಟೋನರ್ ಎಷ್ಟು ಉಳಿದಿದೆ ಎಂದು ನೋಡಲು, ಸ್ಕ್ಯಾನ್ ಮಾಡಲು ಅವು ಉಪಯುಕ್ತ. ಬರೀ ಮುದ್ರಣಕ್ಕೆ ಅವು ಬೇಡ ಎಂಬುದು ನನ್ನ ನಿಲುವು. ಖಾತೆ ತೆರೆಯಿರಿ ಎನ್ನುತ್ತವೆ, ಸ್ಥಳದ ಅನುಮತಿ ಕೇಳುತ್ತವೆ. ಐಓಎಸ್ 14ರಿಂದ ಈಚೆಗೆ ಇಂಥ ಆ್ಯಪ್‌ಗಳಿಗೆ ಸ್ಥಳೀಯ ನೆಟ್‌ವರ್ಕ್ ಬಳಸುವ ಅನುಮತಿಯನ್ನು ಬೇರೆಯಾಗಿ ಕೊಡಬೇಕು, ಅದನ್ನು ಬೇಡ ಎಂದು ಒತ್ತಿದವರಿಗೆ ಆ್ಯಪ್‌ನಲ್ಲಿ ಪ್ರಿಂಟರ್ ಎಂದಿಗೂ ಕಾಣುವುದಿಲ್ಲ. ಫೋನಿನ ಸ್ವಂತ ಪ್ರಿಂಟ್ ಗುಂಡಿಗೆ ಈ ಯಾವ ರಗಳೆಯೂ ಇಲ್ಲ.

ಅತಿಥಿಗಳು ಪ್ರಿಂಟ್ ಕೇಳಿದರೆ ಅವರನ್ನು ಸಿಬ್ಬಂದಿಯ ವೈಫೈಗೆ ಸೇರಿಸುವ ಬದಲು, ಸ್ವಾಗತದ ಮೇಜಿನ ಬಳಿ ಒಂದು ಚಿಕ್ಕ ಪ್ರಿಂಟರನ್ನು ಅತಿಥಿಗಳ ನೆಟ್‌ವರ್ಕಿಗೆ ಮಾತ್ರ ಜೋಡಿಸಿಡುವುದು ಒಳ್ಳೆಯದು. ಅತಿಥಿಗಳ ವೈಫೈಯಲ್ಲಿ ಐಸೊಲೇಷನ್ ಇದ್ದೇ ಇರುತ್ತದಾದ್ದರಿಂದ ಆ ಒಂದು ಪ್ರಿಂಟರಿಗೆ ಮಾತ್ರ ವಿನಾಯಿತಿ ಬರೆಯಬೇಕಾಗುತ್ತದೆ.

ಹೊಸ ಪ್ರಿಂಟರ್ ಕೊಳ್ಳುವಾಗ ಈ ವಿಷಯಗಳನ್ನು ಖರೀದಿಯ ಪಟ್ಟಿಯಲ್ಲೇ ಬರೆಸುವುದು ಈಗ ಇನ್ನಷ್ಟು ಮುಖ್ಯವಾಗಿದೆ, ಏಕೆಂದರೆ ಕಂಪ್ಯೂಟರುಗಳೂ ಫೋನಿನ ದಾರಿಗೇ ಬರುತ್ತಿವೆ. 2021ರ ಜುಲೈ ಹೊತ್ತಿಗೆ ಪ್ರಿಂಟ್‌ನೈಟ್‌ಮೇರ್ ಎಂಬ ಭದ್ರತೆಯ ಬಿರುಕು ವಿಂಡೋಸ್‌ನ ಮುದ್ರಣ ವ್ಯವಸ್ಥೆಯನ್ನೇ ನಡುಗಿಸಿತು. 2023ರಲ್ಲಿ ಮೈಕ್ರೋಸಾಫ್ಟ್, ಬೇರೆ ಕಂಪನಿಗಳ ಪ್ರಿಂಟರ್ ಡ್ರೈವರುಗಳಿಗೆ ಕೊಡುತ್ತಿದ್ದ ಬೆಂಬಲವನ್ನು ಹಂತಹಂತವಾಗಿ ನಿಲ್ಲಿಸುವುದಾಗಿ ತಿಳಿಸಿತು. ವಿಂಡೋಸ್ 11ರಲ್ಲಿ ಈಗಿರುವ ರಕ್ಷಿತ ಮುದ್ರಣ ವಿಧಾನ ಡ್ರೈವರುಗಳನ್ನು ಬದಿಗಿಟ್ಟು, ಮೊಪ್ರಿಯಾ ಪ್ರಮಾಣಿತ ಪ್ರಿಂಟರುಗಳ ಜೊತೆ ಐಪಿಪಿಯಲ್ಲೇ ಮಾತಾಡುತ್ತದೆ. ಏರ್‌ಪ್ರಿಂಟ್ ಮತ್ತು ಮೊಪ್ರಿಯಾ ಎರಡೂ ಇರಬೇಕು, ಐಪಿಪಿಯನ್ನು ಟಿಎಲ್‌ಎಸ್ ಎಂಬ ಗೂಢಲಿಪಿ ರಕ್ಷಣೆಯೊಂದಿಗೆ ನಡೆಸಲು ಬರಬೇಕು, ಕಾಗದವನ್ನು ತಡೆದಿಟ್ಟು ಬಿಡುಗಡೆ ಮಾಡುವ ಸೌಲಭ್ಯ ಇರಬೇಕು ಎಂದು ಪಟ್ಟಿಯಲ್ಲಿ ಸ್ಪಷ್ಟವಾಗಿ ಬರೆಸಿರಿ. ಯಂತ್ರ ಬಂದ ದಿನ, ಬಿಲ್ಲಿಗೆ ಸಹಿ ಹಾಕುವ ಮೊದಲು, ಮಾರಾಟಗಾರರ ಎದುರಿಗೇ ಒಂದು ಆಂಡ್ರಾಯ್ಡ್ ಮತ್ತು ಒಂದು ಐಫೋನಿನಿಂದ, ಪ್ರಿಂಟರಿನ ವಿಲ್ಯಾನಿನಲ್ಲಲ್ಲದೆ ಸಿಬ್ಬಂದಿಯ ವೈಫೈಯಿಂದ, ಒತ್ತಕ್ಷರಗಳಿರುವ ಒಂದು ಕನ್ನಡ ಪತ್ರವನ್ನು ಎ4ರಲ್ಲಿ ಎರಡೂ ಬದಿಗೆ ಮುದ್ರಿಸಿ ತೋರಿಸಲು ಹೇಳಿ.